ಹೊಸ ವಸ್ತುಪಾಠ

ಹಿಂದಿನ ಕಾಲದ ಪಾಠಶಾಲೆಗಳ ವೇಳಾಪತ್ರಿಕೆಯಲ್ಲಿ ‘ವಸ್ತುಪಾಠ’ ಎಂದೊಂದು ವಿಷಯವಿರುತ್ತಿತ್ತು. ಉಪಾಧ್ಯಾಯಿನಿಯು ಹುಣಿಸೆಯ ಬೀಜವನ್ನೋ ಉಪ್ಪಿನ ಹರಳನ್ನೋ ಸುಣ್ಣದ ಕಲ್ಲನ್ನೋ ಮೇಜಿನ ಮೇಲಿಟ್ಟು, ಇದರ ಗುಣವೇನು, ಇದು ಯಾವ ಕೆಲಸಕ್ಕೆ ಬರುತ್ತದೆ ಎಂದು ಮಕ್ಕಳನ್ನು ಕೇಳುವಳು. ಪುಸ್ತಕದ ಮಾತಿಗಿಂತ ಮೊದಲು ಕಣ್ಣೆದುರಿನ ವಸ್ತುವನ್ನು ತಿಳಿಯಬೇಕೆಂಬ ಈ ಪದ್ಧತಿಯು ಸ್ವಿಟ್ಜರ್ಲೆಂಡಿನ ಪೆಸ್ಟಲೋಜಿ (1746–1827) ಎಂಬ ಶಿಕ್ಷಣತಜ್ಞನ ವಿಚಾರಗಳಿಂದ ಬೆಳೆದು ಬಂದದ್ದು. ಆ ಪಾಠವು ವೇಳಾಪತ್ರಿಕೆಯಿಂದ ಮರೆಯಾಗಿ ಬಹಳ ದಿನಗಳಾದವು. ಆದರೆ ಅದೇ ವಸ್ತುಪಾಠವು ಈಗ ಬೇರೊಂದು ವೇಷದಲ್ಲಿ, ಗಣಕಯಂತ್ರದ ಶಿಕ್ಷಣದೊಳಗೆ ನಮ್ಮ ಹೆಣ್ಣುಮಕ್ಕಳ ಮುಂದೆ ಬಂದು ನಿಂತಿದೆ. ಅದನ್ನು ಇಂಗ್ಲಿಷಿನಲ್ಲಿ ‘ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್’ ಎನ್ನುತ್ತಾರೆ. ವಸ್ತುಗಳನ್ನು ಆಧಾರವಾಗಿಟ್ಟುಕೊಂಡು ಕ್ರಮವಿಧಿಯನ್ನು ರಚಿಸುವುದು ಎಂದು ಅದರ ಅರ್ಥ.

ಈ ವಿದ್ಯೆಯಲ್ಲಿ ಮೊದಲನೆಯ ವರ್ಷ ಮನೆಯಲ್ಲಿ ಮಾಡಿ ತರಬೇಕಾದ ಅಭ್ಯಾಸಗಳು ಎಂಥವು, ಅವುಗಳಿಂದ ಏನು ಕಲಿಯಬೇಕಾಗಿದೆ, ತಂದೆತಾಯಿಗಳು ಅದರಲ್ಲಿ ಹೇಗೆ ನೆರವಾಗಬಹುದು ಎಂಬುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಪೋಷಕರಿಗೂ ತಿಳಿಯಹೇಳಬೇಕೆಂಬುದೇ ಈ ಲೇಖನದ ಉದ್ದೇಶ. ಹೀಗೆ ಬರೆಯಲು ಕಾರಣವಾದದ್ದು ನಮ್ಮ ಬಂಧುಗಳ ಮನೆಯಲ್ಲಿಯೇ ನಡೆದ ಒಂದು ಸಂಗತಿ.

ನನ್ನ ತಂಗಿಯ ಮನೆ ಸೇಡಂ ತಾಲೂಕಿನ ಕುರಕುಂಟಾದಲ್ಲಿದೆ. ಸುಣ್ಣಕಲ್ಲಿನ ಸೀಮೆಯದು; ನೆಲವನ್ನು ಅಗೆದರೆ ಹಾಸು ಹಾಸಾಗಿ ಕಲ್ಲೇಳುವ ಊರು. ಅವಳ ಮಗಳು ಇಂಜಿನಿಯರಿಂಗ್ ವಿದ್ಯಾರ್ಥಿನಿ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದಗಳ ಮೇಲಿಂದ ಹೋಗುವ ರೈಲುಮಾರ್ಗದಲ್ಲಿ ಕಲಬುರಗಿಗೆ ಹೋಗಿ, ಅಲ್ಲಿ ವಸತಿಗೃಹದಲ್ಲಿದ್ದು ಓದುತ್ತಾಳೆ. ಒಂದು ಭಾನುವಾರ ನಾನು ಅಲ್ಲಿಗೆ ಹೋಗಿದ್ದಾಗ ಆ ಹುಡುಗಿಯು ನಡುಮನೆಯಲ್ಲಿ ಕುಳಿತು ಗೆಳತಿಯೊಬ್ಬಳ ದಾಖಲೆಪುಸ್ತಕವನ್ನು ನೋಡಿಕೊಂಡು ತನ್ನ ಪುಸ್ತಕಕ್ಕೆ ಅಕ್ಷರಶಃ ಇಳಿಸಿಕೊಳ್ಳುತ್ತಿದ್ದಳು. ಯಂತ್ರವು ಕೊಡತಕ್ಕ ಉತ್ತರವನ್ನೂ ಯಂತ್ರವಿಲ್ಲದೆಯೇ ಬರೆದಾಗಿತ್ತು. “ಇದನ್ನು ಎಂದಾದರೂ ನಡೆಸಿ ನೋಡಿದ್ದೀಯಾ?” ಎಂದು ಕೇಳಿದರೆ, “ಇಲ್ಲ ದೊಡ್ಡವ್ವಾ, ಎಲ್ಲರೂ ಹೀಂಗೇ ಬರೀತಾರ” ಎಂದಳು. ಮುಂದಿನ ವಾರ ಮೌಖಿಕ ಪರೀಕ್ಷೆಯಲ್ಲಿ ಒಂದೇ ಒಂದು ಸಾಲನ್ನು ಬದಲಿಸಿ ತೋರಿಸು ಎಂದಾಗ ಅವಳಿಗೆ ಕೈಯಾಡಲಿಲ್ಲ. ಅತ್ತು ಮನೆಗೆ ಬಂದಳು. ತನಗೆ ಈ ವಿದ್ಯೆ ಒಲಿಯದು, ಓದು ಬಿಟ್ಟುಬಿಡುವೆನೆಂದು ಹಟ ಹಿಡಿದಳು. ಮುಂದೆ ಏನಾಯಿತೆಂಬುದನ್ನು ಹೇಳುವ ಮೊದಲು ವಿಷಯದ ಮೂಲವನ್ನು ಸ್ವಲ್ಪ ನೋಡೋಣ.

ಗಣಕಯಂತ್ರಕ್ಕೆ ಕೊಡುವ ಆಜ್ಞೆಗಳ ಸಾಲಿಗೆ ಪ್ರೋಗ್ರಾಂ ಅಥವಾ ಕ್ರಮವಿಧಿ ಎಂದು ಹೆಸರು. ಮೊದಮೊದಲು ಇದನ್ನು ಅಡಿಗೆಯ ವಿಧಾನದಂತೆ ಒಂದಾದ ಮೇಲೊಂದು ಬರೆಯುತ್ತಿದ್ದರು. ಕೆಲಸವು ದೊಡ್ಡದಾದಂತೆ ಈ ಸಾಲುಗಳು ಸಾವಿರಗಟ್ಟಲೆಯಾಗಿ, ಒಂದು ಕಡೆ ತಿದ್ದಿದರೆ ಇನ್ನೊಂದು ಕಡೆ ಕೆಡುವಂತಾಯಿತು. ನಾರ್ವೆ ದೇಶದ ಓಸ್ಲೋ ನಗರದಲ್ಲಿ ಕ್ರಿಸ್ಟೆನ್ ನ್ಯೂಗಾರ್ಡ್, ಓಲೆ-ಯೋಹಾನ್ ಡಾಲ್ ಎಂಬ ಇಬ್ಬರು ವಿದ್ವಾಂಸರು 1960ರ ದಶಕದಲ್ಲಿ ಇದಕ್ಕೊಂದು ಉಪಾಯವನ್ನು ಕಂಡುಹಿಡಿದರು. ಸುಂಕದ ಕಟ್ಟೆಯ ಮುಂದೆ ಲಾರಿಗಳೂ ಬಸ್ಸುಗಳೂ ಸಾಲಾಗಿ ನಿಂತಿರುವುದನ್ನು ಯಂತ್ರದಲ್ಲಿ ಹೇಗೆ ತೋರಿಸಬೇಕು ಎಂಬುದು ಅವರು ಆಲೋಚಿಸಿದ ಉದಾಹರಣೆಗಳಲ್ಲೊಂದು. ಲಾರಿಗೆ ಸರಕುಂಟು, ಬಸ್ಸಿಗೆ ಪ್ರಯಾಣಿಕರುಂಟು. ಆದರೂ ಸಾಲಿನಲ್ಲಿ ನಿಲ್ಲುವ ಗುಣ ಎರಡಕ್ಕೂ ಸಮಾನ. ಸಮಾನವಾದದ್ದನ್ನು ‘ವಾಹನ’ವೆಂದು ಒಂದೇ ಸಲ ಹೇಳಿ, ಬೇರೆಯಾದದ್ದನ್ನು ಮಾತ್ರ ಬೇರೆಯಾಗಿ ಹೇಳಿದರೆ ಸಾಕೆಂದು ಅವರಿಗೆ ಹೊಳೆಯಿತು. ಹೀಗೆ ಸಿಮುಲಾ 67 ಎಂಬ ಭಾಷೆಯು 1967ರಲ್ಲಿ ರೂಪುಗೊಂಡಿತು. ಈ ಉಪಕಾರಕ್ಕಾಗಿ ಅವರಿಬ್ಬರಿಗೂ 2001ನೆಯ ವರ್ಷದ ಟ್ಯೂರಿಂಗ್ ಪ್ರಶಸ್ತಿಯು ಸಂದಿತು. ಸೇಡಂ ಸೀಮೆಯಲ್ಲಿ ಸಿಮೆಂಟಿನ ಲಾರಿಗಳೂ ಕಲ್ಲಿನ ಲಾರಿಗಳೂ ಸಾಲುಗಟ್ಟಿ ನಿಲ್ಲುವುದನ್ನು ಕಂಡವರಿಗೆ ಈ ಆಲೋಚನೆಯು ಅಪರಿಚಿತವಾಗಿ ತೋರಲಾರದು.

ಈ ವಿದ್ಯೆಯನ್ನು ಮಕ್ಕಳಿಗೆ ಅಭ್ಯಾಸದ ಮೂಲಕ ಕಲಿಸುವ ಪ್ರಯತ್ನವು 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ, ಜೆರಾಕ್ಸ್ ಸಂಸ್ಥೆಯ ಸಂಶೋಧನಾಲಯದಲ್ಲಿ ನಡೆಯಿತು. ಅಲನ್ ಕೇ ಎಂಬವರ ಬಳಗವು ನಿರ್ಮಿಸಿದ ಸ್ಮಾಲ್‌ಟಾಕ್ ಎಂಬ ಭಾಷೆಯನ್ನು ಶಾಲೆಯ ಮಕ್ಕಳಿಗೆ ಕಲಿಸುವ ಪಾಠಕ್ರಮವನ್ನು ಸಿದ್ಧಪಡಿಸಿದವರು ಅಡೆಲ್ ಗೋಲ್ಡ್‌ಬರ್ಗ್ ಎಂಬ ಮಹಿಳೆ. ಅವರ ಮೊದಲ ಪಾಠದಲ್ಲಿ ಒಂದು ಚೌಕಾಕಾರದ ಪೆಟ್ಟಿಗೆ. ಅದರ ಹೆಸರು ‘ಜೋ’. ‘ಜೋ, ತಿರುಗು’ ಎಂದರೆ ತೆರೆಯ ಮೇಲೆ ಅದು ತಿರುಗುತ್ತದೆ. ‘ಜೋ, ಬೆಳೆ’ ಎಂದರೆ ದೊಡ್ಡದಾಗುತ್ತದೆ. ಆಮೇಲೆ ‘ಜಿಲ್’ ಎಂಬ ಇನ್ನೊಂದು ಪೆಟ್ಟಿಗೆಯನ್ನು ಮಕ್ಕಳು ತಾವೇ ಮಾಡುವರು. ಜೋ ಬೆಳೆದರೆ ಜಿಲ್ ಬೆಳೆಯುವುದಿಲ್ಲ. ಎರಡೂ ಒಂದೇ ಅಚ್ಚಿನಿಂದ ಹುಟ್ಟಿದವು, ಆದರೆ ಇದರ ಬದುಕು ಇದಕ್ಕೆ, ಅದರ ಬದುಕು ಅದಕ್ಕೆ. ಈ ಶಾಸ್ತ್ರದ ಮೊದಲನೆಯ ಪಾಠವು ಇಷ್ಟೇ. ಅಚ್ಚಿಗೆ ‘ಕ್ಲಾಸ್’ ಎಂದೂ, ಅದರಿಂದ ಮೂಡಿದ ಒಂದೊಂದಕ್ಕೆ ‘ಆಬ್ಜೆಕ್ಟ್’ ಎಂದೂ ಹೆಸರು.

ಮುಂದೆ ಬ್ಯಾರ್ನೆ ಸ್ಟ್ರೌಸ್ಟ್ರುಪ್ 1979ರಲ್ಲಿ ಆರಂಭಿಸಿದ ಕೆಲಸವು ಸಿ ಪ್ಲಸ್ ಪ್ಲಸ್ ಭಾಷೆಯಾಯಿತು. ಜೇಮ್ಸ್ ಗಾಸ್ಲಿಂಗ್ ಅವರ ಬಳಗದ ಜಾವಾ ಭಾಷೆಯು 1995ರಲ್ಲಿ ಪ್ರಕಟವಾಯಿತು. ನಮ್ಮ ರಾಜ್ಯದ ಪದವಿಪೂರ್ವ ತರಗತಿಯ ಗಣಕವಿಜ್ಞಾನದಲ್ಲಿ ಬಹು ವರ್ಷ ಕಲಿಸಿದ್ದು ಸಿ ಪ್ಲಸ್ ಪ್ಲಸ್. 1998ರಲ್ಲಿ ಬೆಳಗಾವಿಯಲ್ಲಿ ಸ್ಥಾಪಿತವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಪಠ್ಯಕ್ರಮದಂತೆ, ಗಣಕವಿಜ್ಞಾನದ ವಿದ್ಯಾರ್ಥಿಗಳು ಮೂರನೆಯ ಸೆಮಿಸ್ಟರಿನಲ್ಲಿ ಈ ವಿಷಯವನ್ನು ಜಾವಾ ಭಾಷೆಯಲ್ಲಿ ಕಲಿಯಬಹುದು. ಅದಕ್ಕೆ 12 ಪ್ರಯೋಗಗಳನ್ನು ನೇಮಿಸಿದ್ದಾರೆ. ಅವುಗಳಲ್ಲಿ ಕೆಲವನ್ನು ಇಲ್ಲಿ ವಿವರಿಸುವೆನು.

ಒಂದು ಪ್ರಯೋಗವು ‘ಸ್ಟ್ಯಾಕ್’ ಎಂಬುದು. ಹತ್ತಕ್ಕಿಂತ ಹೆಚ್ಚು ಹಿಡಿಯದ, ಕೊನೆಗೆ ಇಟ್ಟದ್ದನ್ನೇ ಮೊದಲು ತೆಗೆಯಬೇಕಾದ ಒಂದು ಅಟ್ಟಿಯನ್ನು ರಚಿಸಬೇಕು. ನಮ್ಮ ಸೀಮೆಯವರಿಗೆ ಇದಕ್ಕೆ ವ್ಯಾಖ್ಯಾನವೇ ಬೇಡ. ಶಹಾಬಾದ ಕಲ್ಲಿನ ಹಾಸುಗಳನ್ನು ಒಂದರ ಮೇಲೊಂದು ಪೇರಿಸಿದಾಗ ಮೇಲಿನದನ್ನು ತೆಗೆಯದೆ ಕೆಳಗಿನದು ಕೈಗೆ ಬಾರದು. ಇಲ್ಲಿ ವಿದ್ಯಾರ್ಥಿನಿಯು ಎರಡು ಅಪಾಯಗಳನ್ನು ಮುಂಗಾಣಬೇಕು: ತುಂಬಿದ ಅಟ್ಟಿಯ ಮೇಲೆ ಹನ್ನೊಂದನೆಯ ಕಲ್ಲನ್ನು ಇಡಲು ಬಂದರೆ ಏನು? ಬರಿದಾದ ಅಟ್ಟಿಯಿಂದ ತೆಗೆಯಲು ಬಂದರೆ ಏನು? ಯಂತ್ರವು ಸ್ಥಾನಗಳನ್ನು ಒಂದರಿಂದ ಎಣಿಸದೆ ಸೊನ್ನೆಯಿಂದ ಎಣಿಸುವುದರಿಂದ, ಹತ್ತು ಕಲ್ಲುಗಳ ಸ್ಥಾನಗಳು 0ಯಿಂದ 9ರ ವರೆಗೆ ಮಾತ್ರ. ಮೇಲ್ಗಲ್ಲಿನ ಸ್ಥಾನವು 9 ಆದಾಗಲೇ ಅಟ್ಟಿ ತುಂಬಿತು. ಅದು 10 ಆಗುವುದನ್ನು ಕಾದು ಕುಳಿತ ಕ್ರಮವಿಧಿಯು, ಇಲ್ಲದ ಸ್ಥಾನದಲ್ಲಿ ಕಲ್ಲಿಡಲು ಹೋಗಿ ನಿಂತುಬಿಡುತ್ತದೆ. ನಮ್ಮ ಹುಡುಗಿಯು ಮೌಖಿಕ ಪರೀಕ್ಷೆಯಲ್ಲಿ ತಡವರಿಸಿದ್ದು ಇದೇ ಸ್ಥಳದಲ್ಲಿ. ಹತ್ತರ ಬದಲು ಐದು ಕಲ್ಲುಗಳಿಗೆ ಅಟ್ಟಿಯನ್ನು ಮಾಡು ಎಂದರೆ, ಎಲ್ಲಿ ಏನನ್ನು ತಿದ್ದಬೇಕೆಂದು ಅವಳಿಗೆ ತಿಳಿಯಲಿಲ್ಲ. ಏಕೆಂದರೆ ಆ 9 ಅಲ್ಲಿಗೆ ಏಕೆ ಬಂತೆಂದು ಅವಳು ಎಂದೂ ಕೇಳಿಕೊಂಡಿರಲಿಲ್ಲ.

ಇನ್ನೊಂದು ಪ್ರಯೋಗವು ನೌಕರನ ಸಂಬಳದ್ದು. ನೌಕರನಿಗೆ ಗುರುತಿನ ಸಂಖ್ಯೆ, ಹೆಸರು, ಸಂಬಳ ಇವು ಇರಬೇಕು. ನೂರಕ್ಕೆ ಇಷ್ಟರಂತೆ ಸಂಬಳವನ್ನು ಏರಿಸುವ ಒಂದು ಕ್ರಿಯೆಯೂ ಇರಬೇಕು. ₹12,000 ಸಂಬಳದವನಿಗೆ ನೂರಕ್ಕೆ ಹತ್ತು ಏರಿಸಿದರೆ ₹13,200 ಆಗಬೇಕೆಂದು ಏಳನೆಯ ತರಗತಿಯ ಬಾಲಿಕೆಯೂ ಬಲ್ಲಳು. ಆದರೆ ಜಾವಾ ಭಾಷೆಯಲ್ಲಿ ಪೂರ್ಣಸಂಖ್ಯೆಯನ್ನು ಪೂರ್ಣಸಂಖ್ಯೆಯಿಂದ ಭಾಗಿಸಿದರೆ ಉತ್ತರದ ಭಿನ್ನಭಾಗವು ಬಿದ್ದುಹೋಗುತ್ತದೆ. ಎರಡನ್ನೂ ಪೂರ್ಣಸಂಖ್ಯೆಗಳಾಗಿ ಬರೆದು ಮೊದಲು ಹತ್ತನ್ನು ನೂರರಿಂದ ಭಾಗಿಸಿದವರಿಗೆ ಸೊನ್ನೆ ಬರುತ್ತದೆ. ಸಂಬಳವು ₹12,000ವಾಗಿಯೇ ಉಳಿಯುತ್ತದೆ. ಯಂತ್ರವು ಯಾವ ತಪ್ಪನ್ನೂ ತೋರಿಸುವುದಿಲ್ಲ; ಶಾಂತವಾಗಿ ಕೂಲಿಯವನ ಬಡ್ತಿಯನ್ನು ನುಂಗುತ್ತದೆ. ಬರಬೇಕಾದ ಉತ್ತರವನ್ನು ಮೊದಲೇ ಕಾಗದದ ಮೇಲೆ ಲೆಕ್ಕಹಾಕಿ ಇಟ್ಟುಕೊಂಡವಳು ಮಾತ್ರ ಈ ಮೋಸವನ್ನು ಹಿಡಿಯಬಲ್ಲಳು. ಆದ್ದರಿಂದ ನಡೆಸಿ ನೋಡದೆ ಉತ್ತರವನ್ನು ಬರೆಯುವ ಅಭ್ಯಾಸವು ಕೇವಲ ಅಂಕಗಳ ಮಾತಲ್ಲ. ನಾಳೆ ಇದೇ ಹುಡುಗಿಯು ಯಾವುದೋ ಕಾರ್ಖಾನೆಯ ಸಂಬಳದ ಪಟ್ಟಿಗೆ ಕ್ರಮವಿಧಿಯನ್ನು ಬರೆಯಬಹುದು. ಅವಳ ತಪ್ಪಿನಿಂದ ಯಾರದೋ ಮನೆಯ ಒಲೆಗೆ ಕೊರತೆಯಾಗಬಹುದು.

ಮತ್ತೊಂದು ಪ್ರಯೋಗದಲ್ಲಿ ‘ಆಕೃತಿ’ ಎಂಬ ಮೂಲದ ಅಚ್ಚು. ಅದರ ಕೆಳಗೆ ವೃತ್ತ, ತ್ರಿಕೋನ ಎಂಬ ಮರಿ ಅಚ್ಚುಗಳು. ‘ಕ್ಷೇತ್ರಫಲವೆಷ್ಟು?’ ಎಂಬ ಪ್ರಶ್ನೆ ಎಲ್ಲಕ್ಕೂ ಒಂದೇ. ಉತ್ತರವನ್ನು ಲೆಕ್ಕಹಾಕುವ ಬಗೆ ಒಂದೊಂದಕ್ಕೂ ಬೇರೆ. ತಾಯಿಯ ಗುಣವು ಮಕ್ಕಳಿಗೆ ಬರುವಂತೆ ಮೂಲದ ಗುಣಗಳು ಮರಿಗಳಿಗೆ ಬರುವುದಕ್ಕೆ ‘ಇನ್‌ಹೆರಿಟೆನ್ಸ್’ ಎಂದೂ, ಒಂದೇ ಮಾತಿಗೆ ಒಬ್ಬೊಬ್ಬರು ತಮ್ಮ ರೀತಿಯಲ್ಲಿ ನಡೆದುಕೊಳ್ಳುವುದಕ್ಕೆ ‘ಪಾಲಿಮಾರ್ಫಿಸಂ’ ಎಂದೂ ಹೆಸರು. ಇಲ್ಲಿ ಎಚ್ಚರ ಬೇಕಾದ ಒಂದು ವಿಷಯವುಂಟು. ಗಣಿತದಲ್ಲಿ ಚೌಕವೂ ಒಂದು ಆಯತವೇ. ಆದರೆ ಆಯತಕ್ಕೆ ‘ಅಗಲವನ್ನು ಮಾತ್ರ ಹೆಚ್ಚಿಸು’ ಎಂದು ಆಜ್ಞೆ ಕೊಡಬಹುದು. ಚೌಕಕ್ಕೆ ಅದೇ ಆಜ್ಞೆ ಕೊಟ್ಟರೆ ಅದು ಚೌಕವಾಗಿ ಉಳಿಯದು. ಮೂಲವು ನಿಲ್ಲುವಲ್ಲೆಲ್ಲ ಮರಿಯೂ ಕೆಡದೆ ನಿಲ್ಲಬೇಕು ಎಂಬ ನಿಯಮವನ್ನು 1987ರಲ್ಲಿ ಎತ್ತಿ ಹೇಳಿದವರು ಬಾರ್ಬರಾ ಲಿಸ್ಕೋವ್ ಎಂಬ ಅಮೆರಿಕದ ವಿದುಷಿ. 2008ನೆಯ ವರ್ಷದ ಟ್ಯೂರಿಂಗ್ ಪ್ರಶಸ್ತಿಯು ಅವರಿಗೆ ದೊರೆಯಿತು. ಈ ಶಾಸ್ತ್ರವು ಗಂಡಸರದೆಂದು ಭಾವಿಸುವ ಪೋಷಕರು ಗೋಲ್ಡ್‌ಬರ್ಗ್, ಲಿಸ್ಕೋವ್ ಎಂಬ ಈ ಎರಡು ಹೆಸರುಗಳನ್ನು ನೆನಪಿನಲ್ಲಿಡತಕ್ಕದ್ದು.

ಈಗ ಕುರಕುಂಟಾದ ಮನೆಗೆ ಮರಳೋಣ. ನನ್ನ ತಂಗಿಯು ಹೆಚ್ಚು ಓದಿದವಳಲ್ಲ. ಆದರೆ ಊರಿನ ಹೆಂಗಸರ ಸ್ವಸಹಾಯ ಸಂಘದ ಲೆಕ್ಕಪುಸ್ತಕವನ್ನು ಬರೆಯುವವಳು ಅವಳೇ. ವಾರವಾರ ಒಬ್ಬೊಬ್ಬಳು ಉಳಿತಾಯದ ಹಣವನ್ನು ಕಟ್ಟುತ್ತಾಳೆ. ತೊಗರಿಯ ಬಿತ್ತನೆಗೋ ಮಗುವಿನ ಔಷಧಿಗೋ ಸಾಲ ಪಡೆಯುತ್ತಾಳೆ. ಮಗಳು ಅಳುತ್ತ ಕುಳಿತಾಗ ನಾನು ಆ ಪುಸ್ತಕವನ್ನು ಅವಳ ಮುಂದಿಟ್ಟು, “ಗೆಳತಿಯ ಪುಸ್ತಕ ಸಾಕು, ನಿಮ್ಮವ್ವನ ಈ ಪುಸ್ತಕವನ್ನು ಯಂತ್ರಕ್ಕೆ ಹೇಳಿಕೊಡು ನೋಡೋಣ” ಎಂದೆ.

ಮೊದಲು ಅಚ್ಚು. ಪ್ರತಿಯೊಬ್ಬ ಸದಸ್ಯೆಗೂ ಹೆಸರು, ಉಳಿದ ಹಣ. ಹಣವನ್ನು ಕಟ್ಟುವುದು, ತೆಗೆಯುವುದು ಎಂಬ ಎರಡು ಕ್ರಿಯೆಗಳು. ಹುಡುಗಿಯು ಅಷ್ಟನ್ನು ಬರೆದಳು. ಆಗ ತಾಯಿಯು, “ಉಳಿದ ರೊಕ್ಕದ ಅಂಕಿ ಯಾರು ಬೇಕಾದವರು ತಿದ್ದಬಹುದೇನು?” ಎಂದು ಕೇಳಿದಳು. ಸಂಘದಲ್ಲಿ ಹಾಗಾಗದು, ಕಟ್ಟಿದರೆ ಮಾತ್ರ ಏರಬೇಕು, ತೆಗೆದರೆ ಮಾತ್ರ ಇಳಿಯಬೇಕು. ಜಾವಾ ಭಾಷೆಯಲ್ಲಿ ಆ ಅಂಕಿಯ ಹಿಂದೆ ‘ಪ್ರೈವೇಟ್’ ಎಂಬ ಮಾತನ್ನು ಬರೆದರೆ ಹೊರಗಿನವರು ಅದನ್ನು ಮುಟ್ಟಲಾರರು. ಪುಸ್ತಕದಲ್ಲಿ ‘ಎನ್‌ಕ್ಯಾಪ್ಸುಲೇಶನ್’ ಎಂದು ಕಂಠಪಾಠ ಮಾಡಿದ್ದ ಮಾತಿಗೆ ಅರ್ಥವು ಹುಡುಗಿಗೆ ಆಗ ತಿಳಿಯಿತು: ಅದು ಸಂಘದ ಪೆಟ್ಟಿಗೆಯ ಬೀಗವಲ್ಲದೆ ಬೇರೇನೂ ಅಲ್ಲ. ₹650 ಇರುವವಳು ₹700 ತೆಗೆಯಲು ಬಂದರೆ ಇಲ್ಲವೆನ್ನಬೇಕು. ಸೊನ್ನೆಗಿಂತ ಕಡಿಮೆಯ ಹಣವನ್ನು ಕಟ್ಟುವೆನೆಂದರೂ ಒಪ್ಪಬಾರದು. ಈ ಎರಡನೆಯ ನಿಯಮವು ಗೆಳತಿಯ ಪುಸ್ತಕದಲ್ಲಿ ಇರಲಿಲ್ಲ.

ಬಳಿಕ ಮೂವರು ಸದಸ್ಯೆಯರನ್ನು ಮಾಡಿ, ಕ್ರಮವಾಗಿ ₹50, ₹50, ₹100 ಕಟ್ಟಿಸಿದಳು. ಯಂತ್ರವು ಮೂವರ ಹೆಸರಿನ ಮುಂದೆಯೂ ₹200 ಎಂದು ತೋರಿಸಿತು! ತಾಯಿಯು ನಕ್ಕು, “ನನ್ನ ರೊಕ್ಕ ಅಕಿ ಪುಸ್ತಕದಾಗ ಹ್ಯಾಂಗ ಹೋಯ್ತು?” ಎಂದಳು. ಹುಡುಗಿಯು ಬಹಳ ಹೊತ್ತು ನೋಡಿದಳು. ಎಲ್ಲಿಂದಲೋ ಇಳಿಸಿಕೊಂಡ ರೂಢಿಯಿಂದ ಉಳಿದ ಹಣದ ಹಿಂದೆ ‘ಸ್ಟ್ಯಾಟಿಕ್’ ಎಂಬ ಮಾತನ್ನು ಬರೆದಿದ್ದಳು. ಆ ಮಾತಿನ ಅರ್ಥವೇನೆಂದರೆ, ಇದು ಒಬ್ಬೊಬ್ಬರದಲ್ಲ, ಆ ಅಚ್ಚಿನಿಂದ ಹುಟ್ಟಿದ ಎಲ್ಲರಿಗೂ ಸೇರಿದ್ದು ಎಂದು. ಅದನ್ನು ಅಳಿಸಿದ ಕೂಡಲೆ ₹50, ₹50, ₹100 ಎಂದು ಸರಿಯಾಗಿ ಬಂತು. ಅಷ್ಟಕ್ಕೆ ನಿಲ್ಲದೆ ಅವಳು, “ಸಂಘದ ಒಟ್ಟು ಹಣಕ್ಕೆ ಮಾತ್ರ ಆ ಮಾತು ಸಲ್ಲುತ್ತದೆ” ಎಂದು ತಾನಾಗಿಯೇ ಹೇಳಿ, ಒಟ್ಟು ಮೊತ್ತಕ್ಕೆ ಬೇರೊಂದು ಮನೆಯನ್ನು ಮಾಡಿ, ಅದಕ್ಕೆ ಆ ಮಾತನ್ನು ಹಚ್ಚಿದಳು. ₹200 ತನ್ನ ಸ್ಥಾನದಲ್ಲಿ ಬಂದು ಕುಳಿತಿತು. ಯಾರೂ ಹೇಳಿಕೊಡದೆ ಅವಳು ಕಂಡುಕೊಂಡ ಮೊದಲ ಸಂಗತಿ ಇದು. ಓದು ಬಿಡುವ ಮಾತನ್ನು ಆ ದಿನದಿಂದ ನಾವು ಕೇಳಲಿಲ್ಲ.

ಇನ್ನೊಂದು ಕುತೂಹಲದ ತಪ್ಪನ್ನೂ ಹೇಳಿಬಿಡುತ್ತೇನೆ. ಒಬ್ಬಳ ಖಾತೆಯಂತೆಯೇ ಇನ್ನೊಂದು ಬೇಕೆಂದು ಹುಡುಗಿಯು ‘ಎರಡನೆಯದು ಸಮ ಒಂದನೆಯದು’ ಎಂದು ಬರೆದಳು. ಎರಡು ಪುಸ್ತಕಗಳಾದುವೆಂದು ಅವಳ ಎಣಿಕೆ. ಆದರೆ ಪುಸ್ತಕವು ಒಂದೇ ಉಳಿದು, ಅದಕ್ಕೆ ಎರಡು ಹೆಸರುಗಳಾಗಿದ್ದವು; ಒಂದು ಹೆಸರಿನಲ್ಲಿ ಕಟ್ಟಿದ ಹಣವು ಇನ್ನೊಂದರಲ್ಲಿಯೂ ಕಾಣಿಸಿತು. ಮನೆಯಲ್ಲಿ ‘ಅವ್ವ’ ಎಂದೂ ಸಂಘದಲ್ಲಿ ‘ಅಕ್ಕ’ ಎಂದೂ ಕರೆಯಿಸಿಕೊಳ್ಳುವವಳು ಒಬ್ಬಳೇ ಹೆಂಗಸಲ್ಲವೆ? ಹೊಸ ವಸ್ತು ಬೇಕಾದರೆ ‘ನ್ಯೂ’ ಎಂಬ ಮಾತಿನಿಂದ ಹೊಸದಾಗಿಯೇ ಮಾಡಬೇಕು. ಹೆಸರಿಟ್ಟ ಮಾತ್ರಕ್ಕೆ ವಸ್ತುವು ಹುಟ್ಟದು.

ವಾಚಕರು ಇಲ್ಲಿ ಒಂದು ಸಂದೇಹವನ್ನು ಎತ್ತಬಹುದು. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಎಂಬುದು ಪ್ರಕಟವಾದ ಬಳಿಕ, ಇಂತಹ ಅಭ್ಯಾಸವನ್ನು ಕೇಳಿದರೆ ಕ್ಷಣಮಾತ್ರದಲ್ಲಿ ಬರೆದುಕೊಡುವ ಯಂತ್ರಗಳು ಎಲ್ಲರ ಕೈಗೂ ಬಂದಿವೆ. ಹೀಗಿರಲಾಗಿ ಮಕ್ಕಳು ಏಕೆ ಕಷ್ಟಪಡಬೇಕು ಎಂದು. ಅವು ಬರೆದುಕೊಡುವುದು ನಿಜ. ಅನೇಕ ಸಲ ಚೆನ್ನಾಗಿಯೇ ಬರೆದುಕೊಡುತ್ತವೆ. ಆದರೆ ಕೊಟ್ಟದ್ದು ಸರಿಯೋ ತಪ್ಪೋ ಎಂದು ತೀರ್ಮಾನಿಸಬೇಕಾದವರು ನಾವೇ. ರೊಟ್ಟಿಯನ್ನು ಕೊಂಡು ತಂದರೆ ಹಸಿವು ಹಿಂಗೀತು. ರೊಟ್ಟಿ ಬಡಿಯುವ ಕೈ ಬಾರದು. ಮೊದಲ ವರ್ಷದ ಅಭ್ಯಾಸವಿರುವುದು ಉತ್ತರಕ್ಕಾಗಿ ಅಲ್ಲ. ಈ ಉತ್ತರಗಳೆಲ್ಲ ಲೋಕದಲ್ಲಿ ಈ ಮೊದಲೇ ಸಾವಿರ ಸಲ ಬರೆಯಲ್ಪಟ್ಟಿವೆ. ಅದು ಕೈಗಾಗಿ, ಕಣ್ಣಿಗಾಗಿ. ತಾನೇ ಒಮ್ಮೆ ಬರೆದು, ಆ ಬಳಿಕ ಯಂತ್ರವನ್ನು ಕೇಳಿ, ಎರಡನ್ನೂ ಹೋಲಿಸಿ ನೋಡುವ ಹುಡುಗಿಗೆ ಅದರಿಂದ ಲಾಭವೇ ಉಂಟು. ಮೊದಲೇ ಕೇಳಿ ಬರೆದುಕೊಂಡವಳು ಗೆಳತಿಯ ಪುಸ್ತಕವನ್ನು ನಕಲು ಮಾಡಿದವಳೇ ಸರಿ.

ತಂದೆತಾಯಿಗಳಿಗೆ ಜಾವಾ ಭಾಷೆ ಬಾರದಿರಬಹುದು. ಆದರೂ ಅವರು ಮಗಳ ಪಕ್ಕದಲ್ಲಿ ಕುಳಿತು ನಾಲ್ಕು ಪ್ರಶ್ನೆಗಳನ್ನು ಕೇಳಬಹುದು. ಮೊದಲನೆಯದು: ಇಲ್ಲಿ ವಸ್ತುಗಳು ಯಾವುವು, ಒಂದೊಂದಕ್ಕೂ ಏನು ಗೊತ್ತು, ಏನು ಮಾಡಬಲ್ಲದು? ಎರಡನೆಯದು: ನಡೆಸುವ ಮೊದಲು, ಬರಬೇಕಾದ ಉತ್ತರವೇನೆಂದು ಬರೆದಿಟ್ಟಿದ್ದೀಯಾ? ಮೂರನೆಯದು: ಯಾರಾದರೂ ತಪ್ಪಾದ ಅಂಕಿಯನ್ನು ಕೊಟ್ಟರೆ ನಿನ್ನ ಕ್ರಮವಿಧಿಯು ಏನು ಮಾಡುತ್ತದೆ? ನಾಲ್ಕನೆಯದು: ಒಂದು ಸಾಲನ್ನು ಬದಲಿಸಿ, ಏನಾಗುತ್ತದೆಂದು ನನಗೆ ತೋರಿಸುವೆಯಾ? ನಾಲ್ಕಕ್ಕೂ ತನ್ನ ಮಾತಿನಲ್ಲಿ ಉತ್ತರ ಹೇಳುವವಳು ಕಲಿತಿದ್ದಾಳೆ. ಹೇಳಲಾರದವಳ ಪುಸ್ತಕವು ಎಷ್ಟು ಅಂದವಾಗಿದ್ದರೂ ಅದು ಅವಳದಲ್ಲ. ಉತ್ತರವನ್ನು ಕನ್ನಡದಲ್ಲಿಯೇ ಹೇಳಲಿ. ಇಂಗ್ಲಿಷಿನ ಹೆಸರುಗಳು ಪರೀಕ್ಷೆಗೆ ಬೇಕು. ತಿಳಿವಳಿಕೆಯು ಮನೆಯ ಮಾತಿನಲ್ಲಿ ಬೇರೂರಿದರೆ ಆ ಹೆಸರುಗಳು ತಾವಾಗಿಯೇ ಬಂದು ಅಂಟಿಕೊಳ್ಳುತ್ತವೆ.

ಖರ್ಚಿನ ಮಾತನ್ನೂ ಹೇಳಬೇಕು. ಜಾವಾ ಭಾಷೆಯ ಸಲಕರಣೆಯು ಹಣವಿಲ್ಲದೆ ದೊರೆಯುತ್ತದೆ. ಮೈಕೆಲ್ ಕೋಲಿಂಗ್ ಎಂಬ ಅಧ್ಯಾಪಕರ ಬಳಗವು ಕಲಿಯುವವರಿಗಾಗಿಯೇ ರಚಿಸಿದ ‘ಬ್ಲೂಜೆ’ ಎಂಬುದೂ ಉಚಿತವೇ. ಅದರಲ್ಲಿ ಒಂದೊಂದು ವಸ್ತುವೂ ಕೆಂಪು ಪೆಟ್ಟಿಗೆಯಾಗಿ ತೆರೆಯ ಮೇಲೆ ಕಾಣಿಸಿಕೊಳ್ಳುವುದರಿಂದ ಹೊಸಬರಿಗೆ ಬಹಳ ಅನುಕೂಲ. ಮನೆಯಲ್ಲಿ ಗಣಕಯಂತ್ರವಿಲ್ಲದಿದ್ದರೆ ನಿರಾಶರಾಗಬೇಕಾಗಿಲ್ಲ. ಕಾಗದದ ಮೇಲೆ ಒಂದೊಂದು ವಸ್ತುವಿಗೆ ಒಂದೊಂದು ಮನೆಯನ್ನು ಗೆರೆ ಎಳೆದು, ಸಾಲು ಸಾಲಾಗಿ ಓದುತ್ತ, ಅಂಕಿಗಳನ್ನು ಹೊಡೆದುಹಾಕಿ ಹೊಸದನ್ನು ಬರೆಯುತ್ತ ಹೋಗಬಹುದು. ದೀಪ ಹೋದ ಸಂಜೆಯಲ್ಲಿಯೂ ಈ ಅಭ್ಯಾಸವು ನಡೆಯುತ್ತದೆ; ವಸತಿಗೃಹದ ಯಂತ್ರವು ಕೈಗೆ ಸಿಕ್ಕ ದಿನ ಅರ್ಧ ಗಂಟೆಯಲ್ಲಿ ಅದನ್ನು ಪರೀಕ್ಷಿಸಿ ನೋಡಬಹುದು.

ನಮ್ಮ ಸೀಮೆಯ ಹಿರಿಯರು 1948ರ ವರೆಗೆ ನಿಜಾಮರ ಆಳ್ವಿಕೆಯಲ್ಲಿ ಕಚೇರಿಯ ಕೆಲಸಕ್ಕಾಗಿ ಉರ್ದುವನ್ನು ಕಲಿತರು. 1956ರಲ್ಲಿ ಕನ್ನಡನಾಡು ಒಂದಾದ ಮೇಲೆ ಅವರ ಮಕ್ಕಳು ಕನ್ನಡದಲ್ಲಿ ಆಡಳಿತವನ್ನು ಕಂಡರು. ಮೊಮ್ಮಕ್ಕಳು ಇಂಗ್ಲಿಷನ್ನು ಕಲಿತರು. ಈಗಿನ ಹೆಣ್ಣುಮಕ್ಕಳು ಯಂತ್ರದ ಭಾಷೆಯನ್ನು ಕಲಿಯುತ್ತಿದ್ದಾರೆ. ಯಾವ ಭಾಷೆಯೂ ನಕಲು ಮಾಡುವುದರಿಂದ ಬಂದದ್ದಿಲ್ಲ. ತಪ್ಪು ಮಾತಾಡಿ, ನಗೆಗೀಡಾಗಿ, ತಿದ್ದಿಕೊಂಡೇ ಬಂದದ್ದು.

ಮನೆಗೆಲಸವೆಂದರೆ ನಮ್ಮಲ್ಲಿ ಕಸ ಮುಸುರೆಯೆಂದೇ ಅರ್ಥ. ಓದುವ ಹೆಣ್ಣುಮಗಳು ಮನೆಗೆ ಬಂದ ದಿನ ಮೊದಲು ಕಾಯುವುದೂ ಅದೇ. ಆ ಕೆಲಸದಲ್ಲಿ ಅರ್ಧವನ್ನು ಬೇರೆಯವರು ಹಂಚಿಕೊಂಡು, ಅವಳ ಇನ್ನೊಂದು ಮನೆಗೆಲಸಕ್ಕೆ ಎರಡು ಗಂಟೆಗಳ ಬಿಡುವನ್ನೂ ಒಂದು ದೀಪವನ್ನೂ ಕೊಡುವುದು ಪೋಷಕರು ಮಾಡಬಹುದಾದ ದೊಡ್ಡ ಸಹಾಯ. ಕುರಕುಂಟಾದ ಮನೆಯಲ್ಲಿ ಈಗ ಭಾನುವಾರ ಪಾತ್ರೆ ತೊಳೆಯುವವನು ತಮ್ಮ; ಅಕ್ಕನು ನಡುಮನೆಯಲ್ಲಿ ಕುಳಿತು ಅವ್ವನ ಸಂಘದ ಬಡ್ಡಿಯ ಲೆಕ್ಕಕ್ಕೆ ಹೊಸದೊಂದು ಅಚ್ಚನ್ನು ಮಾಡುತ್ತಿದ್ದಾಳೆ. ಅವ್ವನು ತನ್ನ ಲೆಕ್ಕಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, ಯಂತ್ರವು ತಪ್ಪು ಹೇಳುವುದೇನೋ ಎಂದು ಕಾಯುತ್ತಿರುತ್ತಾಳೆ.